ಕೆರೆಯ ಮೀನು ಬದಲಾಗಿದೆಯಾ? ಅಳೆದು ನೋಡುವ ಕ್ರಮ

ಕಾರ್ಕಳ ಕಡೆಯ ಯಾವುದಾದರೂ ದೊಡ್ಡ ಕೆರೆಯ ದಂಡೆಯಲ್ಲಿ ಹತ್ತು ನಿಮಿಷ ಕೂತರೆ ಈ ಮಾತು ಕಿವಿಗೆ ಬೀಳುತ್ತದೆ: "ಮೊದಲೆಲ್ಲ ಎಷ್ಟು ಜಾತಿ ಮೀನಿತ್ತು ಮಾರಾಯ್ರೆ, ಈಗ ಎಂತ ಉಂಟು?" ಅಲ್ಲೇ ಗಾಳ ಹಾಕುತ್ತಿರುವ ಹುಡುಗನನ್ನು ಕೇಳಿ. "ಬೇಕಾದಷ್ಟು ಉಂಟು" ಅನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹಿರಿಯರದು ಜಾತಿಯ ಲೆಕ್ಕ, ಹುಡುಗನದು ಕಿಲೋ ಲೆಕ್ಕ.

ಈ ಎರಡು ಲೆಕ್ಕ ಎಷ್ಟು ದೂರ ಹೋಗಬಹುದು ಅನ್ನೋದಕ್ಕೆ ಆಫ್ರಿಕಾದ ವಿಕ್ಟೋರಿಯಾ ಸರೋವರ ಸಾಕ್ಷಿ. ಸುಮಾರು 68,800 ಚದರ ಕಿಲೋಮೀಟರ್ ನೀರು. ಅಲ್ಲಿ ಬೆರಳುದ್ದದ, ಅಂಗೈ ಅಗಲದ ಸಣ್ಣ ಸಿಕ್ಲಿಡ್ ಮೀನುಗಳು ನೂರಾರು ಜಾತಿ ಇದ್ದವು. 1950-60ರ ದಶಕಗಳಲ್ಲಿ ನೈಲ್ ಪರ್ಚ್ ಎಂಬ ದೈತ್ಯ ಮೀನನ್ನು ತಂದು ಬಿಟ್ಟರು. 1980ರ ದಶಕದಲ್ಲಿ ಅದು ಕೆರೆಯನ್ನೆಲ್ಲ ತುಂಬಿತು. ಹಿಡಿದ ಮೀನಿನ ತೂಕ ಮೇಲೇರಿತು. ಆದರೆ ಸುಮಾರು 200 ಸಣ್ಣ ಜಾತಿಗಳು ಕಣ್ಮರೆಯಾದವು ಎಂದು ಅಂದಾಜು. ಅಲ್ಲಿ ಮಾರುಕಟ್ಟೆಯ ತಕ್ಕಡಿ ಮಾತ್ರ ನೋಡಿದ್ದರೆ ಎಲ್ಲವೂ ಚೆನ್ನಾಗಿದೆ ಅಂತಲೇ ಬರೆಯಬೇಕಾಗಿತ್ತು. ನಷ್ಟದ ವಿವರ ನಮಗೆ ತಿಳಿದದ್ದು ಹೇಗೆ ಗೊತ್ತಾ? ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ತಂಡವೊಂದು 1970ರ ದಶಕದ ಕೊನೆಯಿಂದಲೇ ಟಾಂಜಾನಿಯಾ ಕಡೆಯ ಮ್ವಾಂಝಾ ಕೊಲ್ಲಿಯಲ್ಲಿ ಒಂದೇ ಸಾಲಿನ ಜಾಗಗಳಲ್ಲಿ ಮತ್ತೆ ಮತ್ತೆ ಬಲೆ ಎಳೆದು ಬರೆದಿಟ್ಟಿತ್ತು. ಹಾಗಾಗಿ ಮುಂಚೆ ಏನಿತ್ತು, ಆಮೇಲೆ ಏನಾಯಿತು ಎರಡೂ ಕೈಯಲ್ಲಿತ್ತು.

ಕಾರ್ಕಳದ ಆನೆಕೆರೆ, ರಾಮಸಮುದ್ರ, ಮಣಿಪಾಲದ ಮಣ್ಣಪಳ್ಳ, ಮಂಗಳೂರಿನ ಕಾವೂರು ಕೆರೆ. ನಮ್ಮವು ಅಷ್ಟು ದೊಡ್ಡವಲ್ಲ, ಆದರೆ ಕ್ರಮ ಅದೇ. ಒಂದೇ ಬಲೆ, ಒಂದೇ ಜಾಗ, ಒಂದೇ ಕಾಲ. ಬಲೆ ಬದಲಾದರೆ ಕೆರೆಯೇ ಬದಲಾದ ಹಾಗೆ ಕಾಣುತ್ತದೆ. ಉಳಿದದ್ದೆಲ್ಲ ಈ ಮಾತನ್ನು ಕಾಪಾಡುವ ವಿಧಾನ ಅಷ್ಟೇ.

ಮೊದಲು ಒಪ್ಪಿಗೆ

ಕೆರೆ ಪಂಚಾಯತಿಯದ್ದಿರಬಹುದು, ನಗರಸಭೆಯದ್ದಿರಬಹುದು. ಮೀನು ಹಿಡಿಯುವ ಹಕ್ಕು ಗುತ್ತಿಗೆಗೆ ಹೋಗಿರಬಹುದು. ಬರಹದಲ್ಲಿ ಅನುಮತಿ ತಗೊಳ್ಳಿ, ಗುತ್ತಿಗೆದಾರರ ಹತ್ತಿರವೂ ಮಾತಾಡಿ. ಅವರು ಯಾವ ವರ್ಷ ಯಾವ ಮರಿ ಎಷ್ಟು ಬಿಟ್ಟರು ಅನ್ನೋದು ನಿಮಗೆ ಮುಂದೆ ತುಂಬ ಬೇಕಾಗುತ್ತದೆ. ವರಂಗದ ಕೆರೆ ಬಸದಿಯಂಥ ಜಾಗದಲ್ಲಿ ಬಲೆಯ ಮಾತೇ ಬೇಡ. ಅಂಥ ಕಡೆ ದಂಡೆಯಿಂದ ನೋಡುವುದು, ಫೋಟೋ ತೆಗೆಯುವುದು ಅಷ್ಟೇ.

ಹಳಬರನ್ನು ಕೇಳುವ ರೀತಿ

"ಮೊದಲು ಯಾವ ಮೀನಿತ್ತು?" ಅಂತ ಸುಮ್ನೆ ಕೇಳಿದರೆ ಎಲ್ಲರೂ ದೊಡ್ಡ ಮೀನಿನ ಕಥೆಯನ್ನೇ ಹೇಳುತ್ತಾರೆ. ಅದರ ಬದಲು ಇಪ್ಪತ್ತು-ಮೂವತ್ತು ಮೀನಿನ ಬಣ್ಣದ ಫೋಟೋ ಒಯ್ಯಿರಿ. ನಮ್ಮ ಕಡೆ ಇಲ್ಲದ ಒಂದೆರಡು ಮೀನನ್ನೂ ಅದರಲ್ಲಿ ಸೇರಿಸಿ. ಅವನ್ನೂ "ನೋಡಿದ್ದೇನೆ" ಅಂದವರ ಉಳಿದ ಉತ್ತರಗಳನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಪ್ರತಿ ಫೋಟೋಗೂ ಮೂರೇ ಪ್ರಶ್ನೆ: ಈ ಕೆರೆಯಲ್ಲಿ ನೋಡಿದ್ದೀರಾ? ಕೊನೆಗೆ ನೋಡಿದ್ದು ಯಾವಾಗ? ಇದಕ್ಕೆ ನೀವು ಏನನ್ನುತ್ತೀರಿ?

ಇಸವಿ ಯಾರಿಗೂ ನೆನಪಿರುವುದಿಲ್ಲ. "ಮಗಳ ಮದುವೆಗೆ ಮೊದಲಾ, ಆಮೇಲಾ? ಕೆರೆ ಹೂಳೆತ್ತಿದ ವರ್ಷವಾ?" ಅಂತ ಕೇಳಿ. ಆಗ ವರ್ಷ ತಾನಾಗಿ ಸಿಗುತ್ತದೆ.

ಹೆಸರಿನ ವಿಷಯದಲ್ಲಿ ಅವಸರ ಮಾಡಬೇಡಿ. ತುಳುವಿನಲ್ಲಿ ಹೇಳಿದ್ದನ್ನು, ಕುಂದಾಪುರ ಕನ್ನಡದಲ್ಲಿ ಹೇಳಿದ್ದನ್ನು, ಕೊಂಕಣಿಯಲ್ಲಿ ಹೇಳಿದ್ದನ್ನು ಕಿವಿಗೆ ಕೇಳಿದ ಹಾಗೇ ಬರೆದುಕೊಳ್ಳಿ. ಒಂದೇ ಹೆಸರಿನಲ್ಲಿ ಮೂರು ಜಾತಿ ಇರಬಹುದು. ಒಂದೇ ಜಾತಿಗೆ ಮರಿಯಿದ್ದಾಗ ಒಂದು ಹೆಸರು, ಬೆಳೆದ ಮೇಲೆ ಇನ್ನೊಂದು ಇರಬಹುದು. ವೈಜ್ಞಾನಿಕ ಹೆಸರು ಮೀನು ಕೈಗೆ ಬಂದ ಮೇಲೆ ಮಾತ್ರ.

ಕೆರೆಯನ್ನು ಪಾಲು ಮಾಡುವುದು

ಮೀನು ಕೆರೆಯಲ್ಲೆಲ್ಲ ಒಂದೇ ಸಮ ಇರುವುದಿಲ್ಲ. ತೋಡು ಬಂದು ಸೇರುವ ಬಾಯಿ, ತೂಬಿನ ಹತ್ತಿರದ ಆಳ, ತಾವರೆ ಎಲೆ ಮುಚ್ಚಿದ ಕಡೆ, ಮುರಕಲ್ಲಿನ ದಡ, ಬಟ್ಟೆ ಒಗೆಯುವ ಮೆಟ್ಟಿಲು. ಒಂದೊಂದರಲ್ಲೂ ಬೇರೆ ಸಂಸಾರ. ಒಂದು ಕಾಗದದಲ್ಲಿ ಕೆರೆಯ ನಕ್ಷೆ ಬರೆದು ಇಂಥ ನಾಲ್ಕೈದು ಪಾಲು ಮಾಡಿ. ಪ್ರತಿ ಪಾಲಿನಲ್ಲೂ ಕನಿಷ್ಠ ಮೂರು ಜಾಗ ಗುರುತಿಸಿ. ಮೊಬೈಲಿನಲ್ಲಿ ಜಿಪಿಎಸ್ ಗುರುತು ಹಾಕಿಡಿ, ಜೊತೆಗೆ ದಡದ ಮರ, ಕಲ್ಲು ಏನಾದರೂ ಬರೆದಿಡಿ. ಮೀನು ಜಾಸ್ತಿ ಸಿಗುವ ಜಾಗವನ್ನೇ ಆರಿಸಿಕೊಳ್ಳುವ ಆಸೆ ಆಗುತ್ತದೆ. ಆ ಆಸೆಯನ್ನು ಬಿಡಬೇಕು. ಜಾಗದ ಚೀಟಿ ಮಾಡಿ ಎತ್ತಿ.

ಬಲೆ

ಯಾವ ಬಲೆಯೂ ಎಲ್ಲ ಮೀನನ್ನೂ ಹಿಡಿಯುವುದಿಲ್ಲ. ಅದಕ್ಕೇ ಎರಡು-ಮೂರು ವಿಧಾನ ಬೇಕು.

ಬೀಸುಬಲೆ ದಡದ ಮೀನಿಗೆ. ಪ್ರತಿ ಜಾಗದಲ್ಲಿ 20 ಸಲ ಬೀಸಿ, 19 ಅಲ್ಲ, 25 ಅಲ್ಲ. ಸಾಧ್ಯವಾದರೆ ಪ್ರತಿ ವರ್ಷ ಒಬ್ಬರೇ ಬೀಸಲಿ. ಪಳಗಿದ ಕೈಯಲ್ಲಿ ಬಲೆ ವೃತ್ತವಾಗಿ ಬಿಚ್ಚಿಕೊಳ್ಳುತ್ತದೆ, ಹೊಸಬರ ಕೈಯಲ್ಲಿ ಅರ್ಧವೂ ಬಿಚ್ಚುವುದಿಲ್ಲ. ಬಿಚ್ಚದೆ ಬಿದ್ದ ಎಸೆತವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಗಿಲ್‌ನೆಟ್ ನೀರಿನಲ್ಲಿ ಗೋಡೆಯ ಹಾಗೆ ನಿಲ್ಲುವ ಬಲೆ. ಇದರಲ್ಲಿ ಬಲೆಯ ಕಣ್ಣಿನ ಅಳತೆಯೇ ಎಲ್ಲ. ಒಂದೇ ಅಳತೆಯ ಕಣ್ಣಿದ್ದರೆ ಒಂದೇ ಗಾತ್ರದ ಮೀನು. ಯೂರೋಪಿನ ಕೆರೆಗಳಲ್ಲಿ ಬಳಸುವ ಪ್ರಮಾಣಿತ ಬಲೆ 30 ಮೀಟರ್ ಉದ್ದ, 1.5 ಮೀಟರ್ ಎತ್ತರ. ಅದರಲ್ಲಿ 5 ಮಿಲಿಮೀಟರಿನಿಂದ 55 ಮಿಲಿಮೀಟರಿನವರೆಗೆ 12 ಅಳತೆಯ ಕಣ್ಣುಗಳ ತುಂಡುಗಳನ್ನು ಜೋಡಿಸಿರುತ್ತಾರೆ. ಮಲ್ಪೆಯಲ್ಲೋ ಮಂಗಳೂರಿನ ಬಂದರಿನಲ್ಲೋ ಬಲೆ ಹೆಣೆಯುವವರಿಗೆ ಹೇಳಿದರೆ ಅಂಥದ್ದನ್ನು ಜೋಡಿಸಿ ಕೊಡುತ್ತಾರೆ. ಸಣ್ಣ ಕಣ್ಣಿನ ತುಂಡುಗಳನ್ನು ಬಿಡಬೇಡಿ. ಮೊದಲು ಕಾಣೆಯಾಗುವುದು ಮಾರುಕಟ್ಟೆಗೆ ಬಾರದ ಸಣ್ಣ ಮೀನುಗಳೇ ಆಗಿರಬಹುದು.

ಆದರೆ ಯೂರೋಪಿನ ಹಾಗೆ ರಾತ್ರಿಯಿಡೀ ಬಲೆ ಬಿಡುವುದು ನಮ್ಮಲ್ಲಿ ಸರಿಯಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿನ ನೀರು ತಣ್ಣಗೆ. ನಮ್ಮ ಕೆರೆಯ ಬೆಚ್ಚನೆ ನೀರಿನಲ್ಲಿ ಸಿಕ್ಕಿಕೊಂಡ ಮೀನು ಬೇಗ ಸಾಯುತ್ತದೆ. ಆಮೆ, ನೀರುನಾಯಿ, ನೀರುಕಾಗೆ ಸಿಕ್ಕಿಕೊಂಡರೆ ಉಸಿರುಗಟ್ಟಿ ಸಾಯುತ್ತವೆ. ಸೂರ್ಯ ಮುಳುಗುವ ಹೊತ್ತಿಗೆ ಹಾಕಿ, ಎರಡು ಗಂಟೆ ಕಳೆದ ಮೇಲೆ ತೆಗೆಯಿರಿ. ನಡುವೆ ಒಮ್ಮೆ ದೋಣಿಯಲ್ಲಿ ಹೋಗಿ ನೋಡಿ. ಮೀನನ್ನು ಅಳೆದು ಜೀವಂತ ಬಿಡಬೇಕು. ಹೆಸರು ತಿಳಿಯದ ಒಂದೆರಡನ್ನು ಮಾತ್ರ ಇಟ್ಟುಕೊಳ್ಳಿ.

ಕೆಸರಿನ ಮೀನಿಗೆ, ಬೇರಿನ ನಡುವೆ ಅಡಗುವ ಮೀನಿಗೆ ಬಿದಿರಿನ ಕೂಣಿ, ಅಂದರೆ ಒಳಗೆ ಹೋದ ಮೀನು ಹೊರಬರಲಾಗದ ಬುಟ್ಟಿ, ಒಳ್ಳೆಯದು. ಇಷ್ಟು ಕೂಣಿ, ಇಷ್ಟು ಗಂಟೆ, ಒಳಗೆ ಇಂಥ ಆಹಾರ ಅಂತ ಬರೆದಿಡಿ.

ಈಗ ಶ್ರಮದ ಲೆಕ್ಕ. 30 ಮೀಟರ್ ಉದ್ದ, 1.5 ಮೀಟರ್ ಎತ್ತರದ ಬಲೆ ಅಂದರೆ 45 ಚದರ ಮೀಟರ್. ಎರಡು ಗಂಟೆ ಹಾಕಿದರೆ ಅದರ ಎರಡರಷ್ಟು, 90 ಚದರ ಮೀಟರ್-ಗಂಟೆ. ಅದರಲ್ಲಿ 18 ಮೀನು ಸಿಕ್ಕಿದರೆ 100 ಚದರ ಮೀಟರ್ ಬಲೆಗೆ ಗಂಟೆಗೆ 20 ಮೀನು. ಹೋಲಿಸಬೇಕಾದ್ದು ಈ ಸಂಖ್ಯೆಯನ್ನು. "ಈ ಸಲ ಒಂದು ಬುಟ್ಟಿ ಸಿಕ್ಕಿತು" ಅನ್ನೋದನ್ನು ಯಾವುದಕ್ಕೂ ಹೋಲಿಸಲು ಬರುವುದಿಲ್ಲ.

ಕಾಲ

ಉಡುಪಿ ಕಡೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಕ್ಟೋಬರಿನ ಕೊನೆಗೆ ಕೆರೆ ತುಂಬಿರುತ್ತದೆ, ಮೀನು ಹರಡಿಕೊಂಡಿರುತ್ತದೆ. ಏಪ್ರಿಲ್ ಕೊನೆಗೆ ನೀರು ಇಳಿದು ಮೀನು ಒತ್ತೊತ್ತಾಗಿರುತ್ತದೆ, ಬಲೆಗೆ ಸುಲಭವಾಗಿ ಸಿಗುತ್ತದೆ. ಒಂದು ವರ್ಷ ಅಕ್ಟೋಬರಿನಲ್ಲಿ, ಇನ್ನೊಂದು ವರ್ಷ ಏಪ್ರಿಲಿನಲ್ಲಿ ಅಳೆದು "ಮೀನು ಜಾಸ್ತಿಯಾಗಿದೆ" ಅಂದರೆ ತಪ್ಪು. ಎರಡೂ ಕಾಲದಲ್ಲಿ ಅಳೆಯಿರಿ, ಏಪ್ರಿಲನ್ನು ಏಪ್ರಿಲಿಗೇ ಹೋಲಿಸಿ. ಪ್ರತಿ ಸಲ ನೀರಿನ ಮಟ್ಟ ಬರೆದಿಡಿ. ತೂಬಿನ ಕಲ್ಲಿಗೆ ಒಂದು ಅಳತೆ ಪಟ್ಟಿ ಬಣ್ಣದಲ್ಲಿ ಬರೆದರೆ ಸಾಕು.

ಜೂನಿನ ಮೊದಲ ಮಳೆಗೆ ಮೀನುಗಳು ಮೊಟ್ಟೆ ಇಡಲು ತೋಡು, ಗದ್ದೆಗೆ ಹತ್ತುತ್ತವೆ. ಊರಲ್ಲಿ ಉಬರ್ ಮೀನು ಹಿಡಿಯುವ ಸಂಭ್ರಮ. ಆಗ ನೀವು ಬಲೆ ಹಾಕಬೇಡಿ, ಅದು ಅವುಗಳ ಬಸುರಿನ ಕಾಲ. ಹಿಡಿದವರ ಬಾಲ್ದಿ ನೋಡಿ ಫೋಟೋ ತೆಗೆದುಕೊಳ್ಳಿ. ವರ್ಷಪೂರ್ತಿ ಕಾಣದ ಮೀನು ಆ ಬಾಲ್ದಿಯಲ್ಲಿ ಕಾಣಿಸಬಹುದು. ಅದನ್ನು ಬೇರೆ ಪುಟದಲ್ಲಿ ಬರೆಯಿರಿ, ಲೆಕ್ಕಕ್ಕೆ ಸೇರಿಸಬೇಡಿ.

ಕಾಲಿಗೆ ಗಾಯವಿದ್ದರೆ ಕೆಸರಿಗೆ ಇಳಿಯಬೇಡಿ. ಮಳೆಗಾಲದಲ್ಲಿ ನಮ್ಮ ಜಿಲ್ಲೆಗಳಲ್ಲಿ ಇಲಿಜ್ವರ ಸುಳ್ಳಲ್ಲ. ದೋಣಿಯಲ್ಲಿ ಲೈಫ್ ಜಾಕೆಟ್ ಇಲ್ಲದೆ ಯಾರೂ ಕೂರಬಾರದು, ಈಜು ಬರುವವರೂ ಕೂಡ.

ಮೀನು ಕೈಗೆ ಬಂದಾಗ

ಈ ಕೆಲಸದಲ್ಲಿ ತಪ್ಪು ಹೆಚ್ಚಾಗಿ ನುಸುಳುವುದು ಇಲ್ಲಿ. ನಾನು ಮಾಡಿದ ತಪ್ಪನ್ನೇ ಹೇಳುತ್ತೇನೆ. ಮೊದಲ ವರ್ಷ ನಮ್ಮ ಪಟ್ಟಿಯಲ್ಲಿ ಎರಡು ಬಗೆಯ ಸಣ್ಣ ಗೆಂಡೆಗಳಿದ್ದವು. ಒಂದಕ್ಕೆ ಬೆನ್ನಿನಿಂದ ಹೊಟ್ಟೆಗೆ ಇಳಿಯುವ ಕಪ್ಪು ಪಟ್ಟೆ. ಇನ್ನೊಂದಕ್ಕೆ ಪಟ್ಟೆಯಿಲ್ಲ, ಬಾಲದ ಹತ್ತಿರ ಒಂದು ಕಪ್ಪು ಚುಕ್ಕೆ, ಬಾಲದ ಎರಡು ತುದಿಯೂ ಕಪ್ಪು. ಬಲೆ ಬೀಸುವ ಅಜ್ಜ ಪಟ್ಟಿ ನೋಡಿ ಏನೂ ಹೇಳಲಿಲ್ಲ. ಬಾಲ್ದಿಗೆ ಕೈ ಹಾಕಿ ಐದು ಮೀನು ತೆಗೆದು ಒದ್ದೆ ಬಾಳೆ ಎಲೆಯ ಮೇಲೆ ಗಾತ್ರದ ಕ್ರಮದಲ್ಲಿ ಇಟ್ಟರು. ಮೊದಲನೆಯದಕ್ಕೆ ಪಟ್ಟೆ ಗಾಢ. ಎರಡನೆಯದಕ್ಕೆ ಮಸುಕು. ಮೂರನೆಯದಕ್ಕೆ ಮುಂದಿನ ಪಟ್ಟೆ ಅಳಿಸಿಹೋಗಿತ್ತು. ಐದನೆಯದಕ್ಕೆ ಚುಕ್ಕೆ ಮಾತ್ರ, ಬೆನ್ನಿನ ರೆಕ್ಕೆಯ ಎಳೆಗಳು ದಾರದ ಹಾಗೆ ಉದ್ದ. "ಇದು ಮರಿ, ಇದು ಅಪ್ಪ, ನೋಡಿ ಮಾಷ್ಟ್ರೆ" ಅಂದರು. ವೈಜ್ಞಾನಿಕ ಹೆಸರು ಡಾಕಿನ್ಸಿಯಾ ಫಿಲಮೆಂಟೋಸಾ, ಎರಡೂ ಒಂದೇ ಜಾತಿ. ಐದು ಮೀನನ್ನೂ ಅವರೇ ನೀರಿಗೆ ಬಿಟ್ಟರು. ನಾನು ಇಡೀ ವರ್ಷದ ಫೋಟೋಗಳನ್ನು ಮತ್ತೆ ತೆಗೆದು ಒಂದೊಂದಾಗಿ ನೋಡಿ ಪಟ್ಟಿ ತಿದ್ದಿದೆ. ಫೋಟೋ ಇಲ್ಲದಿದ್ದರೆ ತಿದ್ದುವುದಕ್ಕೂ ದಾರಿ ಇರುತ್ತಿರಲಿಲ್ಲ.

ಹಾಗಾಗಿ ಪ್ರತಿ ಜಾತಿಯ ಕನಿಷ್ಠ ಮೂರು ಗಾತ್ರದ ಮೀನಿನ ಫೋಟೋ ತೆಗೆಯಿರಿ. ತಲೆ ಎಡಕ್ಕೆ, ರೆಕ್ಕೆ ಬಿಚ್ಚಿ, ಪಕ್ಕದಲ್ಲಿ ಅಳತೆ ಪಟ್ಟಿ, ಚೀಟಿಯಲ್ಲಿ ತಾರೀಖು ಮತ್ತು ಜಾಗ. ಮೀಸೆ ಎಷ್ಟು ಜೊತೆ, ಮೈಯ ಪಕ್ಕದಲ್ಲಿ ತಲೆಯಿಂದ ಬಾಲದ ಕಡೆಗೆ ಹೋಗುವ ಗೆರೆಯ ಮೇಲೆ ಹುರುಪೆ ಎಷ್ಟು, ಬೆನ್ನಿನ ರೆಕ್ಕೆಯಲ್ಲಿ ಮುಳ್ಳು ಇದೆಯಾ ಇಲ್ಲವಾ ಬರೆಯಿರಿ. ಮುಗುಡಿನ ಜಾತಿಯಾದರೆ ತಲೆಯ ಮೇಲಿನಿಂದಲೂ ಒಂದು ಫೋಟೋ ಬೇಕು. ನಮ್ಮ ಮುಗುಡಿಗೂ ಆಫ್ರಿಕನ್ ಮುಗುಡಿಗೂ ತಲೆಯ ಹಿಂಭಾಗದ ಎಲುಬಿನ ಆಕಾರದಲ್ಲಿ ವ್ಯತ್ಯಾಸವಿದೆ.

ಹೆಸರು ತಿಳಿಯದಿದ್ದರೆ "ಗೆಂಡೆ-3" ಅಂತ ಬರೆಯಿರಿ. ಊಹೆ ಬರೆಯಬೇಡಿ. ರೆಕ್ಕೆಯ ಒಂದು ಚೂರನ್ನು ಶುದ್ಧ ಎಥನಾಲಿನಲ್ಲಿ ಇಟ್ಟರೆ ಮುಂದೆ ಡಿಎನ್‌ಎ ಪರೀಕ್ಷೆಗೂ ಆಗುತ್ತದೆ. ಮಂಗಳೂರಿನ ಎಕ್ಕೂರಿನಲ್ಲಿ ಮೀನುಗಾರಿಕಾ ಕಾಲೇಜು ಇದೆ, 1969ರಲ್ಲಿ ಶುರುವಾದದ್ದು, ದೇಶದಲ್ಲೇ ಮೊದಲನೆಯದು. ಇಂಥ ಫೋಟೋ, ಮಾದರಿ ಹಿಡಿದು ಅಲ್ಲಿನವರನ್ನು ಕೇಳಬಹುದು.

ಪುಸ್ತಕದಲ್ಲಿ ಸೊನ್ನೆಯನ್ನೂ ಬರೆಯಬೇಕು. 20 ಸಲ ಬೀಸಿ ಏನೂ ಸಿಗದಿದ್ದರೆ "20 ಎಸೆತ, 0 ಮೀನು" ಅಂತ. ಖಾಲಿ ಬಿಟ್ಟರೆ ಐದು ವರ್ಷ ಕಳೆದು ನೋಡಿದವರಿಗೆ ಅಲ್ಲಿ ಬಲೆ ಹಾಕಿದ್ದಾರಾ ಇಲ್ಲವಾ ಗೊತ್ತಾಗುವುದಿಲ್ಲ.

ಲೆಕ್ಕ

ಮೊದಲನೆಯದು, ಎಷ್ಟು ಜಾತಿ ಸಿಕ್ಕಿತು ಅನ್ನುವ ಎಣಿಕೆ. ಇದೊಂದೇ ಸಾಲದು. ಯಾಕೆ ಅಂತ ಒಂದು ಕಾಲ್ಪನಿಕ ಲೆಕ್ಕದಲ್ಲಿ ನೋಡೋಣ.

ಒಂದು ಕೆರೆಯಲ್ಲಿ 200 ಮೀನು ಸಿಕ್ಕಿತು, ನಾಲ್ಕು ಜಾತಿ, ತಲಾ 50. ಹತ್ತು ವರ್ಷದ ಮೇಲೆ ಅದೇ ಕೆರೆಯಲ್ಲಿ 200 ಮೀನು, ಅದೇ ನಾಲ್ಕು ಜಾತಿ. ಆದರೆ ಒಂದು ಜಾತಿಯದೇ 170, ಉಳಿದ ಮೂರು ತಲಾ 10. ಎಣಿಕೆಯ ಪ್ರಕಾರ ಏನೂ ಬದಲಾಗಿಲ್ಲ. ನೋಡಿದವರಿಗೆ ಎಲ್ಲವೂ ಬದಲಾಗಿದೆ.

ಇದನ್ನು ಹಿಡಿಯುವುದಕ್ಕೆ ಶಾನನ್ ಸೂಚ್ಯಂಕ ಇದೆ. ಕ್ಲಾಡ್ ಶಾನನ್ 1948ರಲ್ಲಿ ಸಂದೇಶ ರವಾನೆಯ ಲೆಕ್ಕಕ್ಕೆಂದು ಕೊಟ್ಟ ಸೂತ್ರವನ್ನೇ ಜೀವಶಾಸ್ತ್ರದವರು ಬಳಸಿಕೊಂಡರು. ಒಟ್ಟು ಮೀನಿನಲ್ಲಿ ಪ್ರತಿ ಜಾತಿಯ ಪಾಲು ಎಷ್ಟು ಅಂತ ಲೆಕ್ಕ ಹಾಕಿ. ಕ್ಯಾಲ್ಕುಲೇಟರಿನ ಎಲ್‌ಎನ್ ಗುಂಡಿ ಒತ್ತಿ ಅದರ ಸ್ವಾಭಾವಿಕ ಲಾಗ್ ತೆಗೆದು ಅದೇ ಪಾಲಿನಿಂದ ಗುಣಿಸಿ. ಎಲ್ಲವನ್ನೂ ಕೂಡಿಸಿ, ಮುಂದಿನ ಕಳೆಯುವ ಗುರುತು ತೆಗೆಯಿರಿ. ಮೊದಲ ಸಲ ಪ್ರತಿ ಪಾಲು 0.25, ಉತ್ತರ 1.39. ಎರಡನೇ ಸಲ ಪಾಲು 0.85, 0.05, 0.05, 0.05. ಮೊದಲನೆಯದು 0.138 ಕೊಡುತ್ತದೆ, ಉಳಿದವು ತಲಾ 0.150. ಒಟ್ಟು 0.59.

1.39, 0.59 ಅಂದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ, ಅಲ್ವಾ? ಆ ಅಂಕಿಗಳಿಗೆ ಕ್ಯಾಲ್ಕುಲೇಟರಿನಲ್ಲಿ ಲಾಗ್‌ನ ಉಲ್ಟಾ ಗುಂಡಿ (eˣ) ಒತ್ತಿ. ಮೊದಲನೆಯದು 4, ಎರಡನೆಯದು 1.8. ಅಂದರೆ ಕೆರೆಯಲ್ಲಿ ಹೆಸರಿಗೆ ನಾಲ್ಕು ಜಾತಿ ಇದ್ದರೂ, ಅದು ಸಮ ಪಾಲಿನ ಎರಡು ಜಾತಿಗಿಂತ ಕಡಿಮೆ ಇದ್ದ ಹಾಗೆ. ಪಂಚಾಯತಿ ಸಭೆಯಲ್ಲಿ ಹೇಳಬೇಕಾದ ಸಂಖ್ಯೆ ಇದೇ.

ಎರಡನೆಯದು, ಜಾತಿಗಳು ಅವೇನಾ ಅನ್ನುವ ಲೆಕ್ಕ. ಮೊದಲು 14 ಜಾತಿ, ಈಗಲೂ 14 ಅಂತ ಇಟ್ಟುಕೊಳ್ಳಿ. ಎರಡೂ ಪಟ್ಟಿಯಲ್ಲಿ ಇರುವುದು 9 ಮಾತ್ರ. ಎರಡೂ ಪಟ್ಟಿ ಸೇರಿಸಿದರೆ ಒಟ್ಟು 19 ಹೆಸರು. 9ನ್ನು 19ರಿಂದ ಭಾಗಿಸಿದರೆ 0.47. ಇದು ಜಕಾರ್ಡ್ ಸೂಚ್ಯಂಕ. ಪೂರ್ತಿ ಒಂದೇ ಇದ್ದರೆ 1, ಒಂದೂ ಕೂಡದಿದ್ದರೆ 0. ಐದು ಹೋಗಿ ಐದು ಬಂದಿವೆ, ಮತ್ತು ಬಂದ ಐದು ಯಾವುವು ಅನ್ನೋದನ್ನು ಎಣಿಕೆ ಎಂದೂ ಹೇಳುವುದಿಲ್ಲ.

ಅದಕ್ಕೇ ಪಟ್ಟಿಯಲ್ಲಿ ಮೂರು ಕಲಂ ಮಾಡಿ. ನಮ್ಮ ಹೊಳೆ-ಕೆರೆಯದ್ದು ಒಂದು. ದೇಶದ್ದೇ ಆದರೂ ಇಲ್ಲಿಯದಲ್ಲದ್ದು ಇನ್ನೊಂದು. ಕಾಟ್ಲಾ, ರೋಹು, ಮೃಗಾಲ್ ಗಂಗೆಯ ಕಡೆಯ ಮೀನುಗಳು, ಸಾಕಣೆಗೆ ಬಂದವು. ಮೂರನೆಯದು ವಿದೇಶಿ: 1952ರಲ್ಲಿ ಭಾರತಕ್ಕೆ ತಂದ ಮೊಸಾಂಬಿಕ್ ತಿಲಾಪಿಯಾ, ಸೊಳ್ಳೆಗೆಂದು 1928ರಲ್ಲಿ ತಂದ ಗಂಬೂಸಿಯಾ, ಸಾಕುವುದನ್ನು ಸರ್ಕಾರ ನಿಷೇಧಿಸಿರುವ ಆಫ್ರಿಕನ್ ಮುಗುಡು, ಅಕ್ವೇರಿಯಂನಿಂದ ಕೆರೆಗೆ ಬಿದ್ದ ಸಕ್ಕರ್ ಮೀನು. ಮೂರು ಕಲಂನ ಪಾಲನ್ನು ಬೇರೆ ಬೇರೆ ತೋರಿಸಿ.

ಮೂರನೆಯದು ನ್ಯಾಯದ ಲೆಕ್ಕ. ಒಂದು ವರ್ಷ 500 ಮೀನು ಹಿಡಿದಿರಿ, ಇನ್ನೊಂದು ವರ್ಷ 200. ಜಾಸ್ತಿ ಹಿಡಿದ ವರ್ಷ ಜಾತಿಯೂ ಜಾಸ್ತಿ ಸಿಗುತ್ತದೆ, ಅದು ಸಹಜ. ಆಗ 500ರ ಪಟ್ಟಿಯಿಂದ ಕಣ್ಣುಮುಚ್ಚಿ 200 ಆರಿಸಿ ಎಷ್ಟು ಜಾತಿ ಬಂತು ನೋಡಬೇಕು. ಇದನ್ನು ನೂರಾರು ಸಲ ಮಾಡಿ ಸರಾಸರಿ ತೆಗೆಯಬೇಕು. ಆರ್ ಎಂಬ ಉಚಿತ ಸಾಫ್ಟ್‌ವೇರಿನ ವೀಗನ್ ಪ್ಯಾಕೇಜು ಒಂದು ಕ್ಷಣದಲ್ಲಿ ಮಾಡಿಕೊಡುತ್ತದೆ. ಕಾಲೇಜಿನ ಯಾವ ವಿದ್ಯಾರ್ಥಿಯೂ ಎರಡು ದಿನದಲ್ಲಿ ಕಲಿಯಬಹುದು.

ಸಿಗಲಿಲ್ಲ ಅಂದರೆ ಇಲ್ಲವಾ?

ಒಂದು ಮೀನು ಕೆರೆಯಲ್ಲಿದ್ದೂ ಒಂದು ಭೇಟಿಯಲ್ಲಿ ಬಲೆಗೆ ಬೀಳುವ ಸಾಧ್ಯತೆ ನೂರಕ್ಕೆ 30 ಅಂತ ಇಟ್ಟುಕೊಳ್ಳಿ. ಐದು ಭೇಟಿಯಲ್ಲೂ ತಪ್ಪಿಸಿಕೊಳ್ಳುವ ಸಾಧ್ಯತೆ 0.7ನ್ನು ಐದು ಸಲ ಗುಣಿಸಿದಷ್ಟು, ಸುಮಾರು ನೂರಕ್ಕೆ 17. ಒಂಬತ್ತು ಭೇಟಿಗೆ ಅದು 4ಕ್ಕೆ ಇಳಿಯುತ್ತದೆ. ಎರಡು ಸಲ ಹೋಗಿ ಬಂದು "ಈ ಜಾತಿ ನಾಶವಾಗಿದೆ" ಅಂತ ಪತ್ರಿಕೆಗೆ ಹೇಳಬೇಡಿ. "ಇಷ್ಟು ಭೇಟಿಯಲ್ಲಿ ಸಿಗಲಿಲ್ಲ" ಅನ್ನಿ. ಕನಿಷ್ಠ ಮೂರು ವರ್ಷ ಅಳೆದ ಮೇಲೆ ಬದಲಾವಣೆಯ ಮಾತು ಎತ್ತಿ. ಒಂದು ವರ್ಷದೊಳಗಿನ ಭೇಟಿಗಳ ನಡುವೆಯೇ ಎಷ್ಟು ಏರುಪೇರಿದೆ ಅಂತ ಗೊತ್ತಿದ್ದರೆ ಮಾತ್ರ ವರ್ಷಗಳ ನಡುವಿನ ಏರುಪೇರಿಗೆ ಬೆಲೆ.

ನೀರಿನಿಂದಲೇ ಮೀನಿನ ಡಿಎನ್‌ಎ ಹುಡುಕುವ ವಿಧಾನವೂ ಈಗ ಇದೆ. ಒಂದೆರಡು ಲೀಟರ್ ನೀರು ಸೋಸಿ ಲ್ಯಾಬಿಗೆ ಕಳಿಸಿದರೆ ಬಲೆಗೆ ಸಿಗದ ಜಾತಿಯೂ ತಿಳಿಯಬಹುದು. ಆದರೆ ಅದು ಎಷ್ಟು ಮೀನಿದೆ ಅಂತ ಸರಿಯಾಗಿ ಹೇಳುವುದಿಲ್ಲ. ನಮ್ಮ ಊರಲ್ಲಿ ಇನ್ನೊಂದು ತೊಡಕು: ಮನೆ, ಹೋಟೆಲಿನಲ್ಲಿ ಮೀನು ತೊಳೆದ ನೀರು ಚರಂಡಿಯಿಂದ ಕೆರೆಗೆ ಸೇರಿದರೆ ವರದಿಯಲ್ಲಿ ಸಮುದ್ರದ ಬಂಗುಡೆ, ಬೂತಾಯಿಯೂ ಕಾಣಿಸಬಹುದು. ಬಲೆಯ ಜೊತೆಗೆ ಬಳಸಿ, ಬಲೆಯ ಬದಲಿಗೆ ಬೇಡ.

ನೀರಿನ ನಾಲ್ಕು ಅಳತೆ

ಬೆಳಗಿನ ಜಾವ ಕರಗಿದ ಆಮ್ಲಜನಕ ಅಳೆಯಿರಿ. ಮಧ್ಯಾಹ್ನ ಪಾಚಿ ಆಮ್ಲಜನಕ ಬಿಡುವುದರಿಂದ ಕೆಟ್ಟ ಕೆರೆಯೂ ಚೆನ್ನಾಗಿ ಕಾಣುತ್ತದೆ. ಜೊತೆಗೆ ಉಷ್ಣತೆ, ಆಮ್ಲೀಯತೆ, ನೀರಿನ ತಿಳಿ. ತಿಳಿ ನೋಡಲು 20 ಸೆಂಟಿಮೀಟರ್ ಅಗಲದ ತಟ್ಟೆಗೆ ಕಪ್ಪು-ಬಿಳಿ ಬಣ್ಣ ಬಳಿದು ಹಗ್ಗದಲ್ಲಿ ಇಳಿಸಿ, ಕಾಣದಾಗುವ ಆಳ ಬರೆದುಕೊಂಡರೆ ಆಯಿತು. ಮುಗುಡು, ಚೇಳು ಮೀನು, ಕೊರವ ಮೇಲೆ ಬಂದು ಗಾಳಿ ಉಸಿರಾಡಬಲ್ಲವು. ವರ್ಷದಿಂದ ವರ್ಷಕ್ಕೆ ಇಂಥವುಗಳ ಪಾಲೇ ಏರುತ್ತಿದ್ದರೆ, ಬೆಳಗಿನ ಆಮ್ಲಜನಕದ ಅಂಕಿಯನ್ನು ಪಕ್ಕದಲ್ಲಿಟ್ಟು ನೋಡಿ. ಕೊಳಚೆ ಎಲ್ಲಿಂದ ಸೇರುತ್ತಿದೆ ಅಂತ ಹುಡುಕುವ ದಾರಿ ಅಲ್ಲಿಂದ ಶುರುವಾಗುತ್ತದೆ.

ಪುಸ್ತಕ ಎಲ್ಲಿಡುವುದು

ಕೇರಳದ ವೆಂಬನಾಡ್ ಕಾಯಲಿನಲ್ಲಿ 2008ರಿಂದ ಮೀನುಗಾರರು, ವಿದ್ಯಾರ್ಥಿಗಳು, ತಜ್ಞರು ಸೇರಿ ಮೀನು ಎಣಿಕೆ ಮಾಡುತ್ತಿದ್ದಾರೆ. ಅಂಥದ್ದು ನಮ್ಮ ಕೆರೆಗೂ ಸಾಧ್ಯ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯತಿ, ನಗರಸಭೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲೆಯೂ ಇರಬೇಕು. ನಿಮ್ಮ ಪಟ್ಟಿಯ ಪ್ರತಿ ಅಲ್ಲಿಗೆ ಕೊಡಿ, ಸ್ವೀಕೃತಿ ತಗೊಳ್ಳಿ. ಇನ್ನೊಂದು ಪ್ರತಿ ಹತ್ತಿರದ ಶಾಲೆಗೆ, ಮೂರನೆಯದು ಬಲೆ ಬೀಸುವವರ ಮನೆಗೆ. ಪುಸ್ತಕದ ಮೊದಲ ಪುಟದಲ್ಲಿ ಬಲೆಯ ಉದ್ದ, ಎತ್ತರ, ಕಣ್ಣಿನ ಅಳತೆ, ಜಾಗಗಳ ನಕ್ಷೆ, ಎಸೆತದ ಸಂಖ್ಯೆ, ತಿಂಗಳು ಇಷ್ಟನ್ನೂ ಬರೆದು ಅದರ ಮೇಲೆ ಪ್ಲಾಸ್ಟಿಕ್ ಅಂಟಿಸಿ. ನಮ್ಮ ಕಡೆಯ ಮಳೆಗೆ ಶಾಯಿ ನಿಲ್ಲುವುದಿಲ್ಲ, ಪೆನ್ಸಿಲಿನಲ್ಲಿ ಬರೆಯಿರಿ.